ಹೊಸ ಕೋಚ್, ಹಳೇ ತಂಡ: ಆಟದ ಧಾಟಿ ಬದಲಿಸುವ ಮೊದಲ ಆರು ವಾರ

ಫುಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: 4-3-3 ಆಡಿಸ್ತಾರಾ, 3-4-3 ಆಡಿಸ್ತಾರಾ? ಕೋಚ್ ಆದವರು ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಆ ಅಂಕಿಗಳಿಂದ (ಹಿಂದೆ ಎಷ್ಟು ಡಿಫೆಂಡರ್, ನಡುವೆ ಎಷ್ಟು ಮಿಡ್‌ಫೀಲ್ಡರ್, ಮುಂದೆ ಎಷ್ಟು ಮಂದಿ) ತಿಳಿಯುವುದು ಆಟ ಶುರುವಾಗುವಾಗ ಯಾರು ಎಲ್ಲಿ ನಿಂತಿರುತ್ತಾರೆ ಎಂಬುದಷ್ಟೆ. ಚೆಂಡು ಉರುಳತೊಡಗಿದ ಮೇಲೆ ತಂಡದ ಧಾಟಿಯನ್ನು ತೀರ್ಮಾನಿಸುವುದು ಆಟಗಾರರ ನಡುವಿನ ಅಂತರ. 1987ರಲ್ಲಿ ಇಟಲಿಯ ಮಿಲಾನ್ ತಂಡದ ಹೊಣೆ ಹೊತ್ತ ಅರಿಗೊ ಸಾಕಿ, ಕೊನೆಯ ಡಿಫೆಂಡರ್‌ನಿಂದ ಮುಂಚೂಣಿಯ ಸ್ಟ್ರೈಕರ್‌ವರೆಗೆ ಸುಮಾರು 25 ಮೀಟರ್‌ಗಿಂತ ಹೆಚ್ಚು ಜಾಗ ಇರಬಾರದು ಎನ್ನುತ್ತಿದ್ದರು. 105 ಮೀಟರ್ ಉದ್ದದ ಮೈದಾನದಲ್ಲಿ ಅದು ಕಾಲು ಭಾಗಕ್ಕೂ ಕಡಿಮೆ. ಆ ತಂಡ 1989 ಮತ್ತು 1990ರಲ್ಲಿ ಸತತವಾಗಿ ಯುರೋಪಿಯನ್ ಕಪ್ ಗೆದ್ದಿತು. ಕಲಿಸಬೇಕಾದದ್ದು ಮೀಟರ್ ಲೆಕ್ಕದಲ್ಲಿದೆ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಮೈದಾನಕ್ಕಿಳಿಯುವ ಮುನ್ನ

ತಂಡ ಆಡಿದ ಕೊನೆಯ ಐದಾರು ಪಂದ್ಯಗಳ ವಿಡಿಯೊ ನೋಡಿ, ನಾಲ್ಕು ವಿಷಯ ಮಾತ್ರ ಬರೆದುಕೊಳ್ಳಿ. ಚೆಂಡನ್ನು ಎಲ್ಲಿ ಕಸಿದುಕೊಳ್ಳುತ್ತಾರೆ, ಎಲ್ಲಿ ಕಳೆದುಕೊಳ್ಳುತ್ತಾರೆ, ಎದುರಾಳಿಯ ಬಳಿ ಚೆಂಡಿದ್ದಾಗ ಹಿಂದಿನ ಸಾಲು ಗೋಲಿನಿಂದ ಎಷ್ಟು ದೂರ ನಿಲ್ಲುತ್ತದೆ, ಚೆಂಡು ಕೈತಪ್ಪಿದ ಮೊದಲ ಐದು ಸೆಕೆಂಡುಗಳಲ್ಲಿ ಹತ್ತಿರದ ಮೂವರು ಏನು ಮಾಡುತ್ತಾರೆ. ಮೈದಾನದ ಚಿತ್ರ ಬರೆದು ಅದರ ಮೇಲೆ ಚುಕ್ಕಿ ಇಡುತ್ತ ಹೋದರೆ ಎರಡನೇ ಪಂದ್ಯಕ್ಕೇ ತಂಡದ ರೂಢಿ ಕಣ್ಣಿಗೆ ಕಟ್ಟುತ್ತದೆ.

ಈ ಕೆಲಸದ ನಿಜವಾದ ಲಾಭವೆಂದರೆ ಏನನ್ನು ಮುಟ್ಟಬಾರದು ಎಂಬುದು ತಿಳಿಯುವುದು. 2024ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಕೋಚ್ ಆಗಿ ಬಂದ ಆರ್ನೆ ಸ್ಲಾಟ್, ಹಿಂದಿನ ಕೋಚ್ ಯರ್ಗನ್ ಕ್ಲಾಪ್ ಕಟ್ಟಿದ್ದ ತಂಡವನ್ನು ಹೆಚ್ಚೂಕಡಿಮೆ ಹಾಗೆಯೇ ಉಳಿಸಿಕೊಂಡರು. ತಂಡದಲ್ಲಿ ಮೊದಲೇ ಇದ್ದ ರಯಾನ್ ಗ್ರಾವೆನ್‌ಬರ್ಚ್ ಅವರನ್ನು ಡಿಫೆನ್ಸ್‌ನ ಮುಂದಿನ ಮಿಡ್‌ಫೀಲ್ಡರ್ ಆಗಿ ನಿಲ್ಲಿಸಿದರು, ಆಟದ ವೇಗವನ್ನು ತುಸು ಹಿಡಿತಕ್ಕೆ ತಂದರು. ಮೊದಲ ಋತುವಿನಲ್ಲೇ ಲೀಗ್ ಪ್ರಶಸ್ತಿ ಬಂತು. ಹಳೆಯದನ್ನೆಲ್ಲ ಕಿತ್ತುಹಾಕಿದರೇ ಹೊಸ ಕೋಚ್ ಬಂದಂತೆ ಎಂಬ ಭಾವನೆ ತಂಡಗಳನ್ನು ಸುಮ್ಮನೆ ಹಾಳುಮಾಡುತ್ತದೆ.

ನಂತರ ನಿಮ್ಮ ಸಿದ್ಧಾಂತವನ್ನು ಐದು ವಾಕ್ಯ ಮೀರದಂತೆ ಬರೆಯಿರಿ. ಪ್ರತಿ ವಾಕ್ಯದಲ್ಲೂ ‘ಯಾವಾಗ’ ಮತ್ತು ‘ಏನು’ ಎರಡೂ ಇರಬೇಕು. ‘ಧೈರ್ಯದಿಂದ ಆಡಿ’ ಎಂದರೆ ಹದಿನೆಂಟು ವರ್ಷದ ಫುಲ್‌ಬ್ಯಾಕ್‌ಗೆ (ಅಂಚಿನ ಡಿಫೆಂಡರ್‌ಗೆ) ಏನೂ ಅರ್ಥವಾಗದು. ‘ಎದುರಾಳಿ ಸೆಂಟರ್‌ಬ್ಯಾಕ್ (ನಡುವಿನ ಡಿಫೆಂಡರ್) ಚೆಂಡನ್ನು ಗೋಲ್‌ಕೀಪರ್‌ಗೆ ವಾಪಸ್ ಕೊಟ್ಟ ಕ್ಷಣ ಇಡೀ ತಂಡ ಹತ್ತು ಮೀಟರ್ ಮುಂದೆ’ ಎಂದರೆ ಅರ್ಥವಾಗುತ್ತದೆ, ಪಂದ್ಯದ ಮಧ್ಯೆ ನೆನಪೂ ಆಗುತ್ತದೆ. ಆರನೇ ವಾಕ್ಯ ಬೇಕೇಬೇಕು ಅನ್ನಿಸಿದರೆ ಮೊದಲ ಐದರಲ್ಲಿ ಒಂದನ್ನು ತೆಗೆಯಿರಿ.

ಮೊದಲ ಎರಡು ವಾರ: ಚೆಂಡು ಇಲ್ಲದ ಆಟ

ಹೆಚ್ಚಿನ ಕೋಚ್‌ಗಳು ಇಲ್ಲೇ ಎಡವುತ್ತಾರೆ. ಪಾಸಿಂಗ್ ಚಂದವಾಗಿ ಕಾಣುತ್ತದೆ, ಆಟಗಾರರಿಗೂ ಇಷ್ಟ. ಹಾಗಾಗಿ ಅದರಿಂದಲೇ ಶುರು ಮಾಡುತ್ತಾರೆ. ಆದರೆ ಪಾಸಿಂಗ್ ಪಳಗಲು ತಿಂಗಳುಗಳು ಬೇಕು, ಅಷ್ಟರೊಳಗೆ ಚೆಂಡು ಕಳೆದುಕೊಳ್ಳುವುದು ಹೆಚ್ಚುತ್ತದೆ. ಕಳೆದುಕೊಂಡಾಗ ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಿಲ್ಲದ ತಂಡ ಗೋಲು ತಿನ್ನುತ್ತದೆ, ಮೂರು ಸೋಲಾದರೆ ಹೊಸ ಸಿದ್ಧಾಂತದ ಮೇಲಿನ ನಂಬಿಕೆಯೇ ಹೋಗುತ್ತದೆ. ಅದಕ್ಕೇ ರಕ್ಷಣೆ ಮೊದಲು.

ಸಾಕಿ ಬಳಸುತ್ತಿದ್ದ ನೆರಳಾಟ ಇಂದಿಗೂ ಅತ್ಯುತ್ತಮ ದಾರಿ. ಪೂರ್ಣ ಮೈದಾನದಲ್ಲಿ ಹನ್ನೊಂದು ಮಂದಿಯನ್ನು ನಿಲ್ಲಿಸಿ, ಎದುರಾಳಿ ಬೇಡ. ಮುಂದಿನ ಅರ್ಧದಲ್ಲಿ ಬೇರೆ ಬೇರೆ ಬಣ್ಣದ ಆರು ಕೋನ್ ಇಡಿ: ಎರಡು ಎಡಕ್ಕೆ, ಎರಡು ನಡುವೆ, ಎರಡು ಬಲಕ್ಕೆ. ನೀವು ಒಂದು ಬಣ್ಣ ಕೂಗಿದರೆ ಚೆಂಡು ಅಲ್ಲಿದೆ ಎಂದರ್ಥ; ಇಡೀ ತಂಡ ಮೂರು ಸೆಕೆಂಡಿನೊಳಗೆ ಅದಕ್ಕೆ ತಕ್ಕ ಜಾಗಕ್ಕೆ ಸರಿಯಬೇಕು. ಪಕ್ಕದವನೊಂದಿಗೆ 8ರಿಂದ 12 ಮೀಟರ್, ಸಾಲು ಸಾಲಿನ ನಡುವೆ 10ರಿಂದ 15 ಮೀಟರ್, ಮೊದಲಿಂದ ಕೊನೆಗೆ 30 ಮೀಟರ್ ಮೀರಬಾರದು. ಸಾಕಿಯ 25 ಅನ್ನು ಮೊದಲ ದಿನವೇ ಕೇಳಬೇಡಿ. ನಾಲ್ಕು ನಿಮಿಷದ ನಾಲ್ಕು ಸುತ್ತು ಸಾಕು. ಅದಕ್ಕಿಂತ ಹೆಚ್ಚಾದರೆ ಕಾಲು ಚಲಿಸುತ್ತದೆ, ತಲೆ ನಿಂತುಹೋಗುತ್ತದೆ. ಪ್ರತಿ ಸುತ್ತಿನಲ್ಲಿ ಎರಡು ಸಲ ಸೀಟಿ ಊದಿ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ, ಹೆಜ್ಜೆ ಹಾಕಿ ಅಂತರ ಅಳೆದು ತೋರಿಸಿ. ಕಣ್ಣಾರೆ ಕಂಡದ್ದು ಬಾಯಲ್ಲಿ ಹೇಳಿದ್ದಕ್ಕಿಂತ ಬೇಗ ಹತ್ತುತ್ತದೆ.

ಖಂಡಿತ ಎದುರಾಗುವ ತೊಂದರೆ ಒಂದಿದೆ: ಮುಂದಿನವರು ಓಡಿ ಹೋಗುತ್ತಾರೆ, ಹಿಂದಿನವರು ಕದಲುವುದಿಲ್ಲ. ನಡುವೆ 25 ಮೀಟರ್ ಬಯಲು ಬಿದ್ದು, ಎದುರಾಳಿ ಮಿಡ್‌ಫೀಲ್ಡರ್ ಅಲ್ಲಿ ನಿರಾಳವಾಗಿ ತಿರುಗುತ್ತಾನೆ. ಇದು ಸೋಮಾರಿತನವಲ್ಲ, ತಲೆಯ ಮೇಲಿಂದ ಚೆಂಡು ಹಾರಿ ಹೋದರೆ ಎಂಬ ಭಯ. ಬೈದರೆ ಭಯ ಹೋಗದು. ಹೆಜ್ಜೆ ಇಡುವುದು ಯಾವಾಗ, ಹಿಂದೆ ಸರಿಯುವುದು ಯಾವಾಗ ಎಂಬ ಸ್ಪಷ್ಟ ಗುರುತು ಕೊಟ್ಟರೆ ಹೋಗುತ್ತದೆ. ಚೆಂಡಿರುವ ಎದುರಾಳಿ ಬೆನ್ನು ಮಾಡಿದ್ದರೆ, ತಲೆ ತಗ್ಗಿಸಿದ್ದರೆ ಅಥವಾ ಅವನ ಮೈಮೇಲೆ ನಮ್ಮವನೊಬ್ಬ ಇದ್ದರೆ ಸಾಲು ಮುಂದಕ್ಕೆ. ಅವನು ತಲೆ ಎತ್ತಿ, ಕಾಲು ಬೀಸಲು ಸಮಯ ಪಡೆದಿದ್ದರೆ ಸಾಲು ತಕ್ಷಣ ನಾಲ್ಕೈದು ಮೀಟರ್ ಹಿಂದಕ್ಕೆ. ನಾಲ್ವರು ಡಿಫೆಂಡರ್‌ಗಳಲ್ಲಿ ಕೂಗುವವನು ಒಬ್ಬನೇ ಇರಲಿ, ಸಾಮಾನ್ಯವಾಗಿ ಸೆಂಟರ್‌ಬ್ಯಾಕ್.

2023ರ ನವೆಂಬರ್ 6ರಂದು ಚೆಲ್ಸಿ ವಿರುದ್ಧ ಟಾಟನ್‌ಹ್ಯಾಮ್ ಆಡಿದ ಪಂದ್ಯವನ್ನು ಡಿಫೆಂಡರ್‌ಗಳಿಗೆ ತೋರಿಸಿ. ಟಾಟನ್‌ಹ್ಯಾಮ್‌ನ ಇಬ್ಬರಿಗೆ ಕೆಂಪು ಕಾರ್ಡ್ ಸಿಕ್ಕಿ ಒಂಬತ್ತೇ ಮಂದಿ ಉಳಿದರೂ ಆಗಿನ ಕೋಚ್ ಆಂಜ್ ಪೋಸ್ಟೆಕೊಗ್ಲು ಅವರ ತಂಡ ನಡುಗೆರೆಯ ಸಮೀಪವೇ ಸಾಲು ಕಟ್ಟಿತು. 75ನೇ ನಿಮಿಷದವರೆಗೆ 1-1 ಇದ್ದದ್ದು ಕೊನೆಗೆ 1-4 ಆಯಿತು. ಆ ಧೈರ್ಯ ಮೆಚ್ಚುವಂಥದ್ದೇ. ಆದರೆ ಚೆಂಡಿನ ಮೇಲೆ ಒತ್ತಡ ಹಾಕುವಷ್ಟು ಜನ ಮುಂದೆ ಇಲ್ಲದಿದ್ದರೆ ಎತ್ತರದ ಸಾಲು, ಅಂದರೆ ತನ್ನ ಗೋಲಿನಿಂದ ದೂರ ಮುಂದೆ ನಿಂತ ಡಿಫೆಂಡರ್‌ಗಳ ಸಾಲು, ಎಷ್ಟು ಹೊತ್ತು ನಿಂತೀತು ಎಂಬುದಕ್ಕೂ ಅದೇ ಉದಾಹರಣೆ.

ಗೋಲ್‌ಕೀಪರ್ ಇದರ ಭಾಗ. ಸಾಲು ಗೋಲಿನಿಂದ 40 ಮೀಟರ್ ದೂರವಿದ್ದರೆ ಅವನು ಪೆನಾಲ್ಟಿ ಬಾಕ್ಸ್‌ನ 16.5 ಮೀಟರ್ ಗೆರೆಯ ಆಸುಪಾಸಿನಲ್ಲಿ, ಕೆಲವೊಮ್ಮೆ ಅದರಾಚೆಯೂ ನಿಲ್ಲಬೇಕು. ಇನ್ನೊಂದು ಸಣ್ಣ ಸಂಗತಿ, ಆದರೆ ಇದರಿಂದ ತಿಂದ ಗೋಲುಗಳಿಗೆ ಲೆಕ್ಕವಿಲ್ಲ: ಥ್ರೋ-ಇನ್ ಮತ್ತು ಗೋಲ್ ಕಿಕ್‌ನಿಂದ ನೇರವಾಗಿ ಬರುವ ಚೆಂಡಿಗೆ ಆಫ್‌ಸೈಡ್ (ಎದುರಾಳಿಯ ಕೊನೆಯ ಡಿಫೆಂಡರ್‌ನನ್ನು ದಾಟಿ ನಿಂತವನಿಗೆ ಚೆಂಡು ಕೊಡಬಾರದೆಂಬ ನಿಯಮ) ಇಲ್ಲ. ಎತ್ತರದ ಸಾಲಿಗೆ ಹೊಸದಾಗಿ ಒಗ್ಗಿದ ಡಿಫೆಂಡರ್‌ಗಳು ಎದುರಾಳಿಯ ಉದ್ದ ಥ್ರೋ ವೇಳೆಗೂ ಮೇಲೆಯೇ ನಿಂತುಬಿಡುತ್ತಾರೆ.

ಪ್ರೆಸ್ಸಿಂಗ್

ಅಂತರ ಕೂಡಿಬಂದ ಮೇಲೆ ಪ್ರೆಸ್ಸಿಂಗ್, ಅಂದರೆ ಚೆಂಡಿರುವ ಎದುರಾಳಿಯ ಮೇಲೆ ಒತ್ತಡ ಹಾಕುವುದು, ಅರ್ಧ ಕಲಿತಂತೆಯೇ. 30×20 ಮೀಟರ್ ಚೌಕಟ್ಟು ಹಾಕಿ ನಾಲ್ವರ ವಿರುದ್ಧ ನಾಲ್ವರು ಆಡಲಿ. ಚೆಂಡು ಯಾರ ಬಳಿ ಇದೆಯೋ ಅವರ ಪರ ಆಡುವ ಮೂವರು ಬೇರೆ ಬಣ್ಣದ ಬಿಬ್ ಹಾಕಿರಲಿ. ಸತತ ಆರು ಪಾಸ್‌ಗೆ ಒಂದು ಅಂಕ, ಕಳೆದುಕೊಂಡ ಚೆಂಡನ್ನು ಐದು ಸೆಕೆಂಡಿನೊಳಗೆ ವಾಪಸ್ ಪಡೆದರೆ ಎರಡು ಅಂಕ. ಮೂರು ನಿಮಿಷ ಆಟ, ಎರಡು ನಿಮಿಷ ವಿಶ್ರಾಂತಿ, ಐದು ಸುತ್ತು. ವಿಶ್ರಾಂತಿ ಕಡಿತಗೊಳಿಸಿದರೆ ಮೂರನೇ ಸುತ್ತಿನಿಂದ ಆಟಗಾರರು ಒತ್ತುವ ನಟನೆ ಮಾತ್ರ ಮಾಡುತ್ತಾರೆ, ಅದೇ ಅಭ್ಯಾಸವಾಗುತ್ತದೆ.

ಮೊದಲು ಓಡುವವನ ಕೆಲಸ ಚೆಂಡು ಕಸಿಯುವುದಲ್ಲ, ಎದುರಾಳಿಗೆ ಒಂದು ದಿಕ್ಕನ್ನು ಮುಚ್ಚುವುದು. ನೇರ ಓಡಿದರೆ ಎರಡೂ ಕಡೆ ಪಾಸ್ ತೆರೆದಿರುತ್ತದೆ. ಬಿಲ್ಲಿನಂತೆ ಬಾಗಿ ಓಡಿದರೆ ಒಳಗಿನ ಪಾಸ್ ಅವನ ಬೆನ್ನ ಹಿಂದೆ ಅಡಗುತ್ತದೆ, ಚೆಂಡು ಅಂಚಿನ ಗೆರೆಯತ್ತ ಹೋಗಲೇಬೇಕು. ಕಸಿಯುವವನು ಎರಡನೆಯವನು. ಪ್ರೆಸ್ಸಿಂಗ್ ಸೋಲುವುದು ಬಹುತೇಕ ಈ ಎರಡನೆಯವನು ಒಂದು ಸೆಕೆಂಡ್ ತಡ ಮಾಡಿದಾಗ. ಅಭ್ಯಾಸದಲ್ಲಿ ಹಾಗಾಗಿ ಅವನ ಮೇಲೆಯೇ ಕಣ್ಣಿಡಿ. ಗುರುತುಗಳು ಮೂರ್ನಾಲ್ಕಿರಲಿ: ಹಿಂದಕ್ಕೆ ಕೊಟ್ಟ ಪಾಸ್, ಕಾಲಿಂದ ಜಾರಿದ ಚೆಂಡು, ನಿಧಾನವಾದ ಅಡ್ಡ ಪಾಸ್, ತನ್ನ ಗೋಲಿನ ಕಡೆ ಮುಖ ಮಾಡಿ ಅಂಚಿನಲ್ಲಿ ಚೆಂಡು ಪಡೆದ ಫುಲ್‌ಬ್ಯಾಕ್. ಇವು ಯಾವುವೂ ಇಲ್ಲದಾಗ ಒತ್ತಬೇಡಿ, ಸಾಲು ಕಾಯ್ದು ನಿಲ್ಲಿ. 90 ನಿಮಿಷವೂ ಒತ್ತುವ ತಂಡ ಎಲ್ಲಿಯೂ ಇಲ್ಲ.

ಮೂರರಿಂದ ಐದನೇ ವಾರ: ಹಿಂದಿನಿಂದ ಆಟ ಕಟ್ಟುವುದು

2019ರಿಂದ ಗೋಲ್ ಕಿಕ್ ಅನ್ನು ಸ್ವಂತ ಪೆನಾಲ್ಟಿ ಬಾಕ್ಸ್ ಒಳಗೇ ಸಹ ಆಟಗಾರ ಪಡೆಯಬಹುದು. ಈ ಬದಲಾವಣೆ ಹಿಂದಿನಿಂದ ಸಣ್ಣ ಪಾಸ್‌ಗಳಲ್ಲಿ ಆಟ ಕಟ್ಟುವುದಕ್ಕೆ ಹೊಸ ಬಾಗಿಲು ತೆರೆಯಿತು, ಅಪಾಯವನ್ನೂ ಗೋಲಿನ ಹತ್ತಿರ ತಂದಿತು.

ಅರ್ಧ ಮೈದಾನದಲ್ಲಿ ಗೋಲ್‌ಕೀಪರ್, ನಾಲ್ವರು ಡಿಫೆಂಡರ್, ಇಬ್ಬರು ಮಿಡ್‌ಫೀಲ್ಡರ್. ಎದುರಿಗೆ ಒತ್ತುವ ಐವರು. ನಡುಗೆರೆಯ ಮೇಲೆ ಮೂರು ಸಣ್ಣ ಬಾಗಿಲು, ತಲಾ ನಾಲ್ಕು ಮೀಟರ್ ಅಗಲ. ಚೆಂಡನ್ನು ಅವುಗಳ ಮೂಲಕ ದಾಟಿಸಿದರೆ ಅಂಕ; ಐವರು ಕಸಿದರೆ ಎಂಟು ಸೆಕೆಂಡಿನಲ್ಲಿ ಗೋಲಿಗೆ ಹೊಡೆಯಬೇಕು. ಒಂದು ವಾರ ಹೀಗೆ ಆಡಿಸಿ ಆರನೆಯವನನ್ನು ಸೇರಿಸಿ. ಶುರುವಿನಲ್ಲೇ ಆರು ಮಂದಿಯನ್ನು ಬಿಟ್ಟರೆ ಡಿಫೆಂಡರ್‌ಗಳು ಕಲಿಯುವುದು ಹೆದರುವುದನ್ನು ಮಾತ್ರ.

ತಪ್ಪುಗಳು ಹೆಚ್ಚಾಗಿ ಚೆಂಡು ಬರುವ ಮುಂಚೆಯೇ ಆಗಿರುತ್ತವೆ. ಮಿಡ್‌ಫೀಲ್ಡರ್ ಒತ್ತುವವನ ನೇರ ಹಿಂದೆ ನಿಂತಿರುತ್ತಾನೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಕಾಣಿಸುತ್ತಾನೆ. ಸೆಂಟರ್‌ಬ್ಯಾಕ್ ಎರಡೂ ಪಾದ ಪಾಸ್ ಕೊಡುವವನ ಕಡೆ ತಿರುಗಿಸಿ ನಿಂತಿರುತ್ತಾನೆ. ಅರೆ ತಿರುಗಿ ನಿಂತು ದೂರದ ಕಾಲಿನಿಂದ ಚೆಂಡು ಪಡೆದರೆ ಒಂದು ಸ್ಪರ್ಶ ಉಳಿಯುತ್ತದೆ. ಪಾಸ್ ಮೆತ್ತಗಿರುತ್ತದೆ, ಹುಲ್ಲು ಉದ್ದವಿದ್ದರೆ, ನೆಲ ಒದ್ದೆಯಾಗಿ ಭಾರವಾಗಿದ್ದರೆ ಇನ್ನೂ ಗಟ್ಟಿಯಾಗಿ ಹೊಡೆಯಬೇಕು. ನೆಲ ತೀರಾ ಕೆಟ್ಟಿದ್ದರೆ ಆ ದಿನ ಬಾಕ್ಸ್ ಒಳಗಿನ ಸಣ್ಣ ಪಾಸ್ ಬಿಟ್ಟುಬಿಡಿ. ಐವರಿಗಿಂತ ಹೆಚ್ಚು ಮಂದಿ ಒತ್ತಲು ಬಂದರೆ ಅವರ ಹಿಂದೆ ಜಾಗ ಖಾಲಿಯಿದೆ ಎಂದರ್ಥ. ಉದ್ದ ಚೆಂಡೂ ಈ ಸಿದ್ಧಾಂತದೊಳಗಿನದೇ ಎಂದು ಗೋಲ್‌ಕೀಪರ್‌ಗೆ ಬಾಯಿಬಿಟ್ಟು ಹೇಳಿ.

ಆಟಗಾರರು ಸಿದ್ಧಾಂತಕ್ಕೆ ಹೊಂದದಿದ್ದರೆ ಎಷ್ಟು ಕಷ್ಟ ಎಂಬುದಕ್ಕೆ ಪೆಪ್ ಗಾರ್ಡಿಯೊಲಾ ಅವರ ಮೊದಲ ಮ್ಯಾಂಚೆಸ್ಟರ್ ಸಿಟಿ ವರ್ಷವೇ ಸಾಕ್ಷಿ. 2016ರಲ್ಲಿ ಗೋಲ್‌ಕೀಪರ್ ಜೋ ಹಾರ್ಟ್ ಬದಲು ಕ್ಲಾಡಿಯೊ ಬ್ರಾವೊ ಬಂದರು, ತಂಡ ಮೂರನೇ ಸ್ಥಾನ ಪಡೆಯಿತು, ಒಂದು ಕಪ್ಪೂ ಸಿಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಗೋಲ್‌ಕೀಪರ್ ಎಡರ್ಸನ್ ಬಂದರು, ವಯಸ್ಸಾದ ನಾಲ್ವರು ಫುಲ್‌ಬ್ಯಾಕ್‌ಗಳು ಹೋದರು. 2017-18ರಲ್ಲಿ ಅದೇ ಸಿದ್ಧಾಂತ 100 ಅಂಕ ತಂದಿತು. ಹೊಸಬರನ್ನು ಕೊಳ್ಳುವ ಶಕ್ತಿ ಎಲ್ಲ ತಂಡಗಳಿಗೂ ಇರುವುದಿಲ್ಲ. ಆಗ ಬದಲಾಗಬೇಕಾದ್ದು ಫಾರ್ಮೇಶನ್, ಅಂದರೆ 4-3-3ರಂಥ ಜೋಡಣೆ.

2016ರ ಸೆಪ್ಟೆಂಬರ್ 24ರಂದು ಆಂಟೋನಿಯೊ ಕಾಂಟೆ ಅವರ ಚೆಲ್ಸಿ ಆರ್ಸೆನಲ್ ಎದುರು 3-0 ಸೋತಿತು. ಅದೇ ಪಂದ್ಯದ ದ್ವಿತೀಯಾರ್ಧದಲ್ಲಿ ಅವರು ಹಿಂದೆ ಮೂವರನ್ನು ನಿಲ್ಲಿಸಿದರು. ಫುಲ್‌ಬ್ಯಾಕ್ ಅಜ್‌ಪಿಲಿಕ್ಯೂಟಾ ಆ ಮೂವರಲ್ಲೊಬ್ಬರಾದರು. ಹಿಂದಿನ ಋತುಗಳಲ್ಲಿ ಬೇರೆ ತಂಡಗಳಿಗೆ ಎರವಲು ಹೋಗುತ್ತಿದ್ದ ವಿಂಗರ್ ವಿಕ್ಟರ್ ಮೋಸಸ್ ಮುಂದಿನ ಪಂದ್ಯದಿಂದ ವಿಂಗ್‌ಬ್ಯಾಕ್ (ಅಂಚಿನುದ್ದಕ್ಕೂ ದಾಳಿ, ರಕ್ಷಣೆ ಎರಡನ್ನೂ ಮಾಡುವವ) ಆದರು. ಸತತ 13 ಲೀಗ್ ಗೆಲುವು, 93 ಅಂಕ, ಪ್ರಶಸ್ತಿ. ಪ್ರತಿ ಆಟಗಾರ ಅನಾಯಾಸವಾಗಿ ಮಾಡುವ ಎರಡು ಕೆಲಸ ಯಾವುವು ಎಂದು ಬರೆದಿಟ್ಟುಕೊಂಡರೆ ಇಂಥ ಜಾಗಗಳು ತಾವಾಗಿ ತೋರುತ್ತವೆ. ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ: 2024ರ ನವೆಂಬರ್‌ನಲ್ಲಿ, ಋತುವಿನ ನಡುವೆ, ವಾರಕ್ಕೆರಡು ಪಂದ್ಯಗಳ ಭರಾಟೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ ರುಬೆನ್ ಅಮೊರಿಮ್ ತಮ್ಮ 3-4-3 ಬಿಡಲಿಲ್ಲ, ಲೀಗ್‌ನಲ್ಲಿ ತಂಡ 15ನೇ ಸ್ಥಾನಕ್ಕೆ ಕುಸಿಯಿತು. ಅಭ್ಯಾಸಕ್ಕೆ ದಿನಗಳೇ ಇಲ್ಲದಾಗ ಐದು ವಾಕ್ಯಗಳನ್ನು ಎರಡಕ್ಕೆ ಇಳಿಸುವುದು ಒಳಿತು.

ವಾರದ ಲೆಕ್ಕ ಸರಳ. ಶನಿವಾರ ಪಂದ್ಯವಾದರೆ ಭಾನುವಾರ ಹಗುರ ಓಟ, ಸೋಮವಾರ ರಜೆ, ಮಂಗಳವಾರ ಚಿಕ್ಕ ಚೌಕಟ್ಟಿನ ಆಟ, ಬುಧವಾರ ಪೂರ್ಣ ಮೈದಾನ, ಗುರುವಾರ ಚುಟುಕಾಗಿ ವೇಗದ ಕೆಲಸ, ಶುಕ್ರವಾರ ಕಾರ್ನರ್ ಮತ್ತು ಫ್ರೀ ಕಿಕ್. ವಿಡಿಯೊ ಹನ್ನೆರಡು ನಿಮಿಷ ಮೀರದಿರಲಿ, ಆರು ತುಣುಕು ಸಾಕು, ಅದರಲ್ಲಿ ಎರಡಾದರೂ ಸರಿಯಾಗಿ ಆಡಿದ್ದಿರಲಿ.

ಅಳೆಯುವುದು

ಮೊದಲ ಆರು ಪಂದ್ಯಗಳಲ್ಲಿ ಫಲಿತಾಂಶ ಮೋಸ ಮಾಡುತ್ತದೆ. ಗ್ಯಾಲರಿಯ ಮೇಲಿನ ಸಾಲಿನಿಂದ ಮೊಬೈಲ್‌ನಲ್ಲಿ ಇಡೀ ಮೈದಾನ ಕಾಣುವಂತೆ ಚಿತ್ರೀಕರಿಸಿ, ಪ್ರತಿ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಮೊದಲ–ಕೊನೆಯ ಆಟಗಾರರ ಅಂತರ ಅಂದಾಜಿಸಿ. ಪೆನಾಲ್ಟಿ ಬಾಕ್ಸ್‌ನ 16.5 ಮೀಟರ್ ಮತ್ತು ನಡುವೃತ್ತದ 9.15 ಮೀಟರ್ ತ್ರಿಜ್ಯವೇ ಅಳತೆಗೋಲು. ಐದು ಸೆಕೆಂಡಿನಲ್ಲಿ ವಾಪಸ್ ಪಡೆದ ಚೆಂಡುಗಳನ್ನು ಎಣಿಸಿ. ಅಂಕಿ ಸುಧಾರಿಸಿಯೂ ಸೋಲುತ್ತಿದ್ದರೆ ದಾರಿ ಬಿಡಬೇಡಿ. ಅಂಕಿಯೇ ಕದಲದಿದ್ದರೆ ಆಟಗಾರರನ್ನು ಗದರುವ ಬದಲು ಅಭ್ಯಾಸದ ಚೌಕಟ್ಟು, ನಿಯಮ ಬದಲಿಸಿ.

ಎಂಟು-ಹತ್ತು ಪಂದ್ಯಗಳಾಗುವ ಹೊತ್ತಿಗೆ ಎದುರಾಳಿಗಳೂ ನಿಮ್ಮನ್ನು ಓದಿರುತ್ತಾರೆ. ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಒಂದು, ನಿಮ್ಮ ಇಬ್ಬರು ಸೆಂಟರ್‌ಬ್ಯಾಕ್‌ಗಳಲ್ಲಿ ಪಾಸಿಂಗ್ ಕಡಿಮೆ ಬರುವವನನ್ನು ಬೇಕೆಂದೇ ಬಿಡುವಾಗಿ ಬಿಟ್ಟು ಉಳಿದವರನ್ನು ಹಿಡಿಯುತ್ತಾರೆ. ಅವನಿಗೆ ಚೆಂಡಿನೊಂದಿಗೆ ಹದಿನೈದು ಮೀಟರ್ ಮುಂದೆ ನಡೆಯುವುದನ್ನು ಕಲಿಸಿ. ಯಾರಾದರೂ ತಡೆಯಲು ಬಂದೇ ಬರುತ್ತಾರೆ, ಬಂದವನು ಬಿಟ್ಟ ಆಟಗಾರನಿಗೆ ಪಾಸ್. ಇನ್ನೊಂದು, ಮೇಲೇರಿದ ನಿಮ್ಮ ಫುಲ್‌ಬ್ಯಾಕ್‌ನ ಬೆನ್ನ ಹಿಂದಕ್ಕೆ ಉದ್ದ ಚೆಂಡು. ಒಬ್ಬ ಫುಲ್‌ಬ್ಯಾಕ್ ಏರಿದಾಗ ಇನ್ನೊಬ್ಬ ಸೆಂಟರ್‌ಬ್ಯಾಕ್‌ಗಳ ಸಾಲಿನಲ್ಲೇ ಉಳಿಯಲಿ, ಡಿಫೆನ್ಸ್ ಮುಂದಿನ ಮಿಡ್‌ಫೀಲ್ಡರ್ ಏರಿದವನ ಪಾರ್ಶ್ವಕ್ಕೆ ಐದು ಮೀಟರ್ ಜರುಗಲಿ. ಈ ಎರಡನ್ನೂ ನಾಲ್ಕನೇ ವಾರದಲ್ಲೇ, ಅಗತ್ಯ ಬೀಳುವ ಮೊದಲೇ, ಬುಧವಾರದ ಪೂರ್ಣ ಮೈದಾನದ ಅಭ್ಯಾಸದಲ್ಲಿ ಸೇರಿಸಿಕೊಳ್ಳಿ.