ಕಾಡಿನ ಬದಲು ಕಡಲು: ನಾಟಕದ ಪ್ರಾಜೆಕ್ಟ್ ಓದಿ ಮಾತು ಹೇಳುವ ಬಗೆ

ಕಾರವಾರದಲ್ಲಿ ಡಿಗ್ರಿ ಮಕ್ಕಳಿಗೆ ನಾಟಕ ಕಲಿಸುತ್ತೇನೆ. ಕೊನೆಯ ಸೆಮಿಸ್ಟರ್ ಬಂತೆಂದರೆ ಸ್ಪೈರಲ್ ಬೈಂಡಿಂಗ್ ಹಾಕಿದ ಪ್ರಾಜೆಕ್ಟ್‌ಗಳು ಮೇಜಿನ ಮೇಲೆ ಬೀಳುತ್ತವೆ. ಹಳೆಯ ನಾಟಕಗಳನ್ನು ಹೊಸಬರು ಹೇಗೆ ಬದಲಿಸಿಕೊಂಡರು ಎನ್ನುವುದೇ ಹೆಚ್ಚಿನವರ ವಿಷಯ. ಮಾರ್ಕು ಹಾಕುವುದು ಸುಲಭ. ಅವರು ಮತ್ತೆ ಕೂತು ಬರೆಯುವ ಹಾಗೆ ಎರಡು ಮಾತು ಹೇಳುವುದೇ ಕಷ್ಟ.

ಮೊದಲ ಸಲ ಕೈಯಲ್ಲಿ ಪೆನ್ನು ಇಲ್ಲದೆ ಓದಿ. ಪೆನ್ನಿದ್ದರೆ ಕಣ್ಣು ಬರೀ ಕಾಗುಣಿತದ ಹಿಂದೆ ಹೋಗುತ್ತದೆ. ವಿದ್ಯಾರ್ಥಿ ತಾನೇ ಕಂಡುಕೊಂಡ ಸಾಲು ಎಲ್ಲಿದೆ ಅಂತ ಹುಡುಕಿ. ಎಂಥ ಸಾಧಾರಣ ಪ್ರಾಜೆಕ್ಟಿನಲ್ಲೂ ಅಂಥದ್ದೊಂದು ಇರುತ್ತದೆ.

ಒಬ್ಬ ಹುಡುಗಿ 'ಮಕ್ಬೂಲ್' ಬಗ್ಗೆ ಬರೆದಿದ್ದಳು. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕದ ಕಥೆಯನ್ನು ಮುಂಬೈ ಭೂಗತ ಲೋಕಕ್ಕೆ ತಂದ ವಿಶಾಲ್ ಭಾರದ್ವಾಜ್ ಅವರ 2003ರ ಚಿತ್ರ. ಹದಿನೆಂಟು ಪುಟ ಸುಮ್ನೆ ಕಥೆ. ಆಮೇಲೆ ಒಂದು ಪಟ್ಟಿ: ಭವಿಷ್ಯ ನುಡಿಯುವ ಮಾಟಗಾತಿಯರ ಜಾಗದಲ್ಲಿ ಇಬ್ಬರು ಪೊಲೀಸರು, ರಾಜನ ಜಾಗದಲ್ಲಿ ಭೂಗತ ಗುಂಪಿನ ದೊರೆ ಅಬ್ಬಾಜಿ. ಕಟ್ಟಕಡೆಗೆ, 'ಕಾಡಿನ ಬದಲು ಸಮುದ್ರ ಇದೆ.'

ನಾನು ಅಲ್ಲೇ ನಿಂತೆ. ನಾಟಕದಲ್ಲಿ ಭವಿಷ್ಯವಾಣಿಯ ಪ್ರಕಾರ ಬರ್ನಮ್ ಕಾಡು ಎದ್ದು ಬರುವ ತನಕ ಮ್ಯಾಕ್‌ಬೆತ್‌ಗೆ ಸೋಲಿಲ್ಲ. ಚಿತ್ರದಲ್ಲಿ ಕಡಲು ಮನೆಗೆ ಬರುವ ತನಕ. ಇವಳ ಮನೆಯೋ ಬೈತಖೋಲ ಬಂದರಿನ ಹತ್ತಿರ! ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದೆ: 'ಕಡಲು ಮನೆಗೆ ಬರುತ್ತದೆ ಅಂದರೆ ನಿಮ್ಮ ಕೇರಿಯವರಿಗೆ ಹೇಗನಿಸುತ್ತದೆ? ನಾಟಕದಲ್ಲಿ ಸೈನಿಕರು ಕೊಂಬೆ ಹಿಡಿದು ಬಂದರು. ಇಲ್ಲಿ ಕಡಲನ್ನು ಮನೆಗೆ ಕರೆದದ್ದು ಯಾರು?' ವಾರ ಕಳೆದು ಐದು ಹೊಸ ಪುಟ ಬಂದವು. ಮಳೆಗಾಲದಲ್ಲಿ ದಂಡೆ ಕೊರೆದು ಅಂಗಳದವರೆಗೆ ಬರುವ ನೀರಿನಿಂದ ಶುರು ಮಾಡಿದ್ದಳು. ಆ ಪಟ್ಟಿಯನ್ನು ತಾನಾಗಿಯೇ ಕೈಬಿಟ್ಟಿದ್ದಳು.

'ಮೂಲದಂತೆ ಇಲ್ಲ' ಎಂದು ಯಾರಾದರೂ ತಪ್ಪು ಹುಡುಕಿ ಬರೆದರೆ, ಏಕೆ ಇಲ್ಲ ಅಂತ ಕೇಳಿ. ಕುವೆಂಪು ಅವರ 'ರಕ್ತಾಕ್ಷಿ'ಯಲ್ಲಿ ಹ್ಯಾಮ್ಲೆಟ್ ಕಥೆ ಬಿದನೂರಿಗೆ ಬರುತ್ತದೆ. ಮೂಲದಲ್ಲಿ ಹ್ಯಾಮ್ಲೆಟ್‌ನ ಪ್ರೇಯಸಿ ಒಫೀಲಿಯಾ ನೀರಿನಲ್ಲಿ ಮುಳುಗಿ ಸತ್ತಳು. ಇಲ್ಲಿ ಅವಳ ಜಾಗದಲ್ಲಿರುವ ರುದ್ರಾಂಬೆಯ ಸಿಟ್ಟೇ ನಾಟಕದ ಹೆಸರಾಯಿತು. ಈ ಒಂದು ಬದಲಾವಣೆಯ ಮೇಲೆಯೇ ಇಡೀ ಪ್ರಾಜೆಕ್ಟ್ ನಿಲ್ಲಬಹುದು, ಅಲ್ವಾ? ನಮ್ಮ ಮಕ್ಕಳಿಗೆ ಇದು ಹೊಸತೇನಲ್ಲ. ಯಕ್ಷಗಾನದಲ್ಲಿ ಪದ್ಯ ಅದೇ ಇರುತ್ತದೆ, ಅರ್ಥ ಹೇಳುವವರು ಬದಲಾದರೆ ಕರ್ಣನೇ ಬೇರೆ ಆಗುತ್ತಾನೆ. ಅದನ್ನು ನೆನಪಿಸಿ, ತಕ್ಷಣ ಹಿಡಿಯುತ್ತಾರೆ.

ಎಲ್ಲಾದರೂ ಭಾಷೆ ಇದ್ದಕ್ಕಿದ್ದಂತೆ ನುಣುಪಾದರೆ ಕದ್ದಿದ್ದೀಯಾ ಎಂದು ಗದರಬೇಡಿ. ಹಾಳೆ ಮುಚ್ಚಿಸಿ, 'ಇದನ್ನೇ ನಿನ್ನ ಮಾತಿನಲ್ಲಿ ಹೇಳು' ಅನ್ನಿ. ಕೊಂಕಣಿಯಲ್ಲಿ ಹೇಳಿದರೂ ಸರಿ.

ಬರೆದು ಕೊಡುವುದು ಮೂರೇ ಸಾಲು ಸಾಕು: ಚೆನ್ನಾಗಿರುವ ಜಾಗ, ಪುಟದ ಸಂಖ್ಯೆ ಸಮೇತ. ಒಂದು ಪ್ರಶ್ನೆ. ಮತ್ತೆ ನೋಡಬೇಕಾದ ಒಂದು ದೃಶ್ಯ. ನಾನು ಓದುವಾಗ ನನ್ನ ಪ್ರಬಂಧದ ಮೇಲೆ 'ಮತ್ತೆ ಬರೆಯಿರಿ' ಅಂತ ಮಾತ್ರ ಬರೆದು ವಾಪಸ್ ಕೊಟ್ಟಿದ್ದರು. ಯಾವ ಪುಟ, ಏನು ಅಂತ ತಿಳಿಯದೆ ಮೂರು ವಾರ ಅದನ್ನು ತೆರೆಯಲೇ ಇಲ್ಲ. ಅದಕ್ಕೇ ಪುಟದ ಸಂಖ್ಯೆ ತಪ್ಪಿಸಬೇಡಿ.

ತಿದ್ದಿದ ಪ್ರತಿ ಬಂದಾಗ ಹಳೆಯದನ್ನು ಪಕ್ಕದಲ್ಲಿಟ್ಟುಕೊಳ್ಳಿ. ನೀವು ಪ್ರಶ್ನೆ ಕೇಳಿದ ಪುಟವನ್ನೇ ಮೊದಲು ತೆರೆಯಿರಿ. ಕಾಗುಣಿತಕ್ಕೆ ಪೆನ್ನು ಹಿಡಿಯುವುದು ಆಮೇಲೆ.