ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಇಂಜೆಕ್ಷನ್: ಸಿರಿಂಜ್ ಹಿಡಿಯುವವರ ಕಡೆಯಿಂದ

ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಇಂಜೆಕ್ಷನ್ ಚುಚ್ಚುವುದು ಎರಡು ನಿಮಿಷದ ಕೆಲಸ. ನನಗೆ ಹೆಚ್ಚು ಹೊತ್ತು ಹಿಡಿಯುವುದು ಮೊದಲ ಡೋಸ್‌ಗೆ ಮುಂಚಿನ ವಿಚಾರಣೆ. ಲ್ಯುಪ್ರೊಲೈಡ್, ಗೊಸೆರೆಲಿನ್, ಟ್ರಿಪ್ಟೊರೆಲಿನ್ ಮೂರೂ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಮೊದಲು ಕೆರಳಿಸಿ ಆಮೇಲೆ ಸುಮ್ಮನಾಗಿಸುವ ಔಷಧಗಳು. ಈ ಕ್ಯಾನ್ಸರನ್ನು ಬೆಳೆಸುವ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ಇಳಿಸುವುದೇ ಇವುಗಳ ಉದ್ದೇಶ. ಆದರೆ ಗ್ರಂಥಿ ಮೊದಲು ಕೆರಳುವುದರಿಂದ ಮೊದಲ ಒಂದೆರಡು ವಾರ ಟೆಸ್ಟೋಸ್ಟೆರಾನ್ ಇಳಿಯುವ ಬದಲು ಏರುತ್ತದೆ. ಆ ಅವಧಿಯಲ್ಲಿ ಮೂಳೆ ನೋವು ಹೆಚ್ಚಬಹುದು, ಮೂತ್ರ ಕಟ್ಟಿಕೊಳ್ಳಬಹುದು. ಬೆನ್ನುಮೂಳೆಗೆ ಕಾಯಿಲೆ ಹಬ್ಬಿದ್ದರೆ ಬೆನ್ನುಹುರಿ ಒತ್ತಿಕೊಂಡು ಕಾಲಿನ ಶಕ್ತಿಯೇ ಹೋಗಬಹುದು.

ಏರಿದ ಟೆಸ್ಟೋಸ್ಟೆರಾನ್ ಕ್ಯಾನ್ಸರ್ ಮೇಲೆ ಕೆಲಸ ಮಾಡದಂತೆ ತಡೆಯಲು ಬೈಕಲುಟಮೈಡ್ 50 ಮಿಲಿಗ್ರಾಂ, ದಿನಕ್ಕೊಂದು ಮಾತ್ರೆ. ಇಂಜೆಕ್ಷನ್‌ಗೆ ಒಂದು ವಾರ ಮೊದಲು ಶುರು ಮಾಡಿಸಿ, ಇಂಜೆಕ್ಷನ್ ಆದಮೇಲೆ ಮೂರ್ನಾಲ್ಕು ವಾರ ಮುಂದುವರಿಸುವುದು ನಾನು ಪಾಲಿಸುವ ಕ್ರಮ. ಶುರು ಮಾಡುವ ಮುಂಚೆ ಲಿವರ್ ಟೆಸ್ಟ್ ನೋಡಿರಬೇಕು. "ಇಂಜೆಕ್ಷನ್ ಕೊಡ್ತೀರಲ್ಲ ಸಿಸ್ಟರ್, ಮತ್ತೆ ಈ ಮಾತ್ರೆ ಯಾಕೆ?" ಅಂತ ಮನೆಯವರು ಕೇಳಿಯೇ ಕೇಳುತ್ತಾರೆ. ಬಿಡಿಸಿ ಹೇಳದಿದ್ದರೆ ಮಾತ್ರೆ ಕವರಿನಲ್ಲೇ ಉಳಿಯುತ್ತದೆ, ಆದ್ದರಿಂದ ಸ್ಟ್ರಿಪ್ ತರಿಸಿ ಎಷ್ಟು ಖಾಲಿಯಾಗಿದೆ ಎಂದು ನೋಡಿಯೇ ಸಿರಿಂಜ್ ತೆಗೆಯುತ್ತೇನೆ.

ಮೊದಲ ದಿನ ತಪ್ಪದೆ ಕೇಳುವ ಪ್ರಶ್ನೆಗಳು ಮೂರು. "ಅಜ್ಜ, ನಡೆಯುವಾಗ ಕಾಲು ಸೋಲುತ್ತಾ, ಜೋಮು ಹಿಡಿಯುತ್ತಾ? ಉಚ್ಚೆ ಸರಾಗವಾಗಿ ಹೋಗುತ್ತಾ? ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ?" ಮೊದಲೆರಡರಲ್ಲಿ ಅನುಮಾನ ಬಂದರೆ ಇಂಜೆಕ್ಷನ್ ನಿಲ್ಲಿಸಿ ಡಾಕ್ಟರನ್ನು ಕರೆಯುತ್ತೇನೆ. ಅಂಥವರಿಗೆ ಈ ಏರಿಕೆಯೇ ಇಲ್ಲದ ಡೆಗರೆಲಿಕ್ಸ್ ಇಂಜೆಕ್ಷನ್, ಇಲ್ಲವೇ ನೇರವಾಗಿ ವೃಷಣ ತೆಗೆಯುವ ಆಪರೇಷನ್ ಸರಿ. ಆಪರೇಷನ್ ಎಂದರೆ ಮುಖ ಸಿಂಡರಿಸುವವರೇ ಹೆಚ್ಚು. ಆದರೆ ಒಂದೇ ಸಲದ ಖರ್ಚು, ಗಂಟೆಗಳಲ್ಲೇ ಹಾರ್ಮೋನ್ ಇಳಿಯುತ್ತದೆ, ತಾರೀಖು ತಪ್ಪುವ ಭಯವಿಲ್ಲ. ದೂರದ ಹಳ್ಳಿಯಿಂದ ಬಸ್ಸು ಹಿಡಿದು ಬರುವವರಿಗೆ ಅದನ್ನೂ ಮುಂದಿಡದೆ ಇಂಜೆಕ್ಷನ್ ಬರೆದುಕೊಡುವುದು ನನ್ನ ಪ್ರಕಾರ ಸರಿಯಲ್ಲ.

ಕೈಚಳಕ ಹೆಚ್ಚು ಬೇಕಾಗುವುದು ಗೊಸೆರೆಲಿನ್‌ಗೆ. ಅದು ದ್ರವವಲ್ಲ, ಅಕ್ಕಿಕಾಳಿನಂಥ ಒಂದು ಗಟ್ಟಿ ತುಣುಕು. 3.6 ಮಿಲಿಗ್ರಾಂ ಆದರೆ 28 ದಿನಕ್ಕೊಮ್ಮೆ, 10.8 ಆದರೆ 12 ವಾರಕ್ಕೊಮ್ಮೆ. ಸೂಜಿ ದಪ್ಪ, 10.8ರದು ಇನ್ನೂ ದಪ್ಪ. ರೋಗಿಯನ್ನು ತಲೆಕಡೆ ಎತ್ತರಿಸಿ ಮಲಗಿಸಿ, ಸಿರಿಂಜಿನ ಕಿಂಡಿಯಲ್ಲಿ ತುಣುಕು ಕಾಣುತ್ತಿದೆಯೇ ನೋಡಿಕೊಂಡು ಪ್ಲಾಸ್ಟಿಕ್ ತಡೆ ಕೀಳುತ್ತೇನೆ. ಬೇರೆ ಇಂಜೆಕ್ಷನ್‌ನ ಅಭ್ಯಾಸದಿಂದ ಗಾಳಿ ತೆಗೆಯಲು ಹೋದರೆ ತುಣುಕೇ ಜಾರಿ ಬೀಳಬಹುದು, ಅದನ್ನು ಮಾಡಲೇಬಾರದು. ಹೊಕ್ಕುಳದ ಗೆರೆಗಿಂತ ಕೆಳಗೆ ಹೊಟ್ಟೆಯ ಚರ್ಮ ಚಿವುಟಿ ಹಿಡಿದು, ಸೂಜಿಯ ಓರೆ ಬಾಯಿ ಮೇಲಾಗಿ, 30ರಿಂದ 45 ಡಿಗ್ರಿ ಓರೆಯಲ್ಲಿ, ಸಿರಿಂಜಿನ ತೋಳು (ಸೂಜಿಯ ಸುತ್ತಲಿನ ರಕ್ಷಣೆಯ ಕೊಳವೆ) ಚರ್ಮಕ್ಕೆ ತಾಗುವವರೆಗೆ ಒಳಗೆ. ಪ್ಲಂಜರನ್ನು ಪೂರ್ತಿ ಒತ್ತಬೇಕು. ಅರ್ಧಕ್ಕೆ ಬಿಟ್ಟರೆ ಸೂಜಿಯನ್ನು ಮುಚ್ಚುವ ತೋಳು ಜಾರುವುದಿಲ್ಲ. ಸಿರಿಂಜಿನಲ್ಲಿ ರಕ್ತ ಕಂಡರೆ ರಕ್ತನಾಳ ಚುಚ್ಚಿದೆ ಎಂದೇ ಅರ್ಥ: ಹೊರತೆಗೆದು ಒತ್ತಿ ಹಿಡಿದು, ಹೊಸ ಸಿರಿಂಜಿನಿಂದ ಬೇರೆ ಜಾಗದಲ್ಲಿ ಕೊಡಬೇಕು. ಬಡಕಲು ಮೈಯವರು, ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಇದ್ದರೆ ಇನ್ನಷ್ಟು ಎಚ್ಚರ. ಇಂಜೆಕ್ಷನ್ ಆದಮೇಲೆ ಹೊಟ್ಟೆ ನೋವು, ಉಬ್ಬರ, ತಲೆಸುತ್ತು ಬಂದರೆ ಒಳಗೆ ರಕ್ತ ಸೋರುತ್ತಿರಬಹುದು, ಕಾಯದೆ ಬನ್ನಿ ಎಂದು ಹೇಳಿಯೇ ಕಳಿಸುವುದು.

ಲ್ಯುಪ್ರೊಲೈಡ್ ಡಿಪೋ (ಮೈಯಲ್ಲಿ ನಿಧಾನವಾಗಿ ಬಿಡುಗಡೆಯಾಗುವ) ಪುಡಿಯ ತೊಂದರೆ ಬೇರೆ, ಅದು ಕಲಸುವುದರಲ್ಲಿದೆ. ಕಿಟ್‌ನಲ್ಲಿ ಬಂದ ದ್ರವವನ್ನೇ ಬಳಸಿ, ಹಾಲಿನಂತೆ ಒಂದೇ ಸಮನಾಗುವವರೆಗೆ ಕಲಸಿ ತಕ್ಷಣ ಕೊಡಬೇಕು. ಬದಿಗಿಟ್ಟು ಫೈಲ್ ಬರೆಯಲು ಕೂತರೆ ಪುಡಿ ತಳಕ್ಕಿಳಿಯುತ್ತದೆ, ಸೂಜಿ ಕಟ್ಟಿಕೊಂಡು ಅರ್ಧ ಡೋಸ್ ಸಿರಿಂಜಿನಲ್ಲೇ ಉಳಿಯುತ್ತದೆ. ಇಂಥ ತಯಾರಿಕೆಯ ತಪ್ಪುಗಳು ಎಷ್ಟಿವೆಯೆಂದರೆ 2020ರಲ್ಲಿ ಯುರೋಪಿನ ಔಷಧ ಸಂಸ್ಥೆಯೇ ಇದರ ಬಗ್ಗೆ ಎಚ್ಚರಿಸಬೇಕಾಯಿತು. ಕಂಪನಿಗೊಂದು ಕಿಟ್ ಇರುವುದರಿಂದ, ಒಂದು ಸ್ನಾಯುವಿಗೆ, ಇನ್ನೊಂದು ಚರ್ಮದಡಿಗೆ, ಒಂದು ಫ್ರಿಜ್‌ನಲ್ಲಿ, ಇನ್ನೊಂದು ಹೊರಗೆ. ಒಳಗಿನ ಚೀಟಿಯನ್ನು ಪ್ರತಿ ಸಲ ಓದುವುದರಲ್ಲಿ ನಾಚಿಕೆಯೇನಿಲ್ಲ.

ಡೆಗರೆಲಿಕ್ಸ್ ಮೊದಲ ದಿನ 240 ಮಿಲಿಗ್ರಾಂ, 120ರಂತೆ ಎರಡು ಕಡೆ. ಆಮೇಲೆ 28 ದಿನಕ್ಕೊಮ್ಮೆ 80. ಬಾಟಲಿ ಕುಲುಕಬಾರದು, ನೊರೆ ಬರುತ್ತದೆ. ಮೆಲ್ಲಗೆ ತಿರುಗಿಸುತ್ತಾ ಪುಡಿ ಕರಗಲು ಬಿಡಬೇಕು. ಚುಚ್ಚಿದ ಜಾಗ ಕೆಂಪಾಗಿ ನೋಯುವುದು ತೀರಾ ಸಾಮಾನ್ಯ, ಹಾಗಾಗಿ ಪಂಚೆ, ಬೆಲ್ಟು ಬಿಗಿಯುವ ಕಡೆ ಚುಚ್ಚಬೇಡಿ.

ಮುಂದಿನ ತಾರೀಖನ್ನು ಚೀಟಿಯಲ್ಲಿ, ಮಗನ ಅಥವಾ ಮಗಳ ಮೊಬೈಲಿನಲ್ಲಿ, ಎರಡರಲ್ಲೂ ಹಾಕಿಸುತ್ತೇನೆ. ಕಾಯಿಲೆಯ ಏರಿಳಿತ ತೋರುವ ರಕ್ತಪರೀಕ್ಷೆ ಪಿಎಸ್‌ಎ ಏರಿದಾಗ "ಔಷಧ ನಾಟುತ್ತಿಲ್ಲ" ಎಂದು ತೀರ್ಮಾನಿಸುವ ಮುಂಚೆ ಟೆಸ್ಟೋಸ್ಟೆರಾನ್ ಅಳೆಯಬೇಕು. ಅದು 50 ನ್ಯಾನೋಗ್ರಾಂ ಪ್ರತಿ ಡೆಸಿಲೀಟರ್‌ಗಿಂತ ಕೆಳಗಿಲ್ಲದಿದ್ದರೆ ತಾರೀಖು ತಪ್ಪಿದೆಯೋ ಡೋಸ್ ಪೂರ್ತಿ ಹೋಗಿಲ್ಲವೋ ಮೊದಲು ನೋಡಿ. ಇನ್ನೊಂದು ಗೊಂದಲ ಹಾರ್ಮೋನ್ ತಯಾರಿಯನ್ನೇ ತಡೆಯುವ ಅಬಿರಾಟೆರೋನ್ ಮಾತ್ರೆ ಶುರುವಾದಾಗ: ದುಬಾರಿ ಮಾತ್ರೆ ಬಂತಲ್ಲ ಎಂದು ಇಂಜೆಕ್ಷನ್ ಬಿಟ್ಟುಬಿಡುತ್ತಾರೆ. ವೃಷಣ ತೆಗೆಸಿದವರನ್ನು ಬಿಟ್ಟರೆ ಉಳಿದವರಿಗೆ ಎರಡೂ ಒಟ್ಟಿಗೆ ನಡೆಯಬೇಕು.

ತಿಂಗಳುಗಳು ಕಳೆದಂತೆ ಮೈ ಬಿಸಿಯೇರಿ ಬೆವರುವುದು, ಆಯಾಸ, ಹೊಟ್ಟೆ ಬರುವುದು, ಸಕ್ಕರೆ ಮತ್ತು ಕೊಲೆಸ್ಟ್ರಾಲ್ ಏರುವುದು, ಮನಸ್ಸು ಕುಗ್ಗುವುದು ಕಾಣುತ್ತದೆ. ಸಕ್ಕರೆ, ಬಿಪಿ, ಹಿಮೋಗ್ಲೋಬಿನ್, ಹೃದಯದ ಕಾಯಿಲೆ ಇದ್ದವರಿಗೆ ಇಸಿಜಿ ಕಾಲಕಾಲಕ್ಕೆ ಆಗಬೇಕು. ಮೂಳೆ ಸವೆಯುವುದಕ್ಕೆ ಕ್ಯಾಲ್ಸಿಯಂ, ವಿಟಮಿನ್ ಡಿ, ದಿನದ ನಡಿಗೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್. ಮೂಳೆ ಗಟ್ಟಿಯಾಗಿಸುವ ಜೊಲೆಡ್ರೋನಿಕ್ ಆಸಿಡ್ ಡ್ರಿಪ್ ಬರೆದಿದ್ದರೆ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ನೋಡಿ, ಮೊದಲು ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಿ. ಕೀಳಿಸಬೇಕಾದ ಹುಳುಕು ಹಲ್ಲು ಕೀಳಿಸಿ ಗಾಯ ಮಾಯ್ದ ಮೇಲೆಯೇ ಡ್ರಿಪ್ ಹಾಕುವುದು. ಆಮೇಲೆ ಕಿತ್ತರೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ.