ಸ್ಪೀಕರ್ ಕೊಳ್ಳುವಾಗ ಬ್ರ್ಯಾಂಡಿಗಿಂತ ಮೊದಲು ಓಮ್ ನೋಡಿ
ಮನೆಯ ಸ್ಟೀರಿಯೋಗೆ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಒಂದೇ ಕಂಪನಿಯವಾಗಿರಬೇಕೆಂದು ಹಟ ಹಿಡಿಯದೆ, ಎರಡರ ಓಮ್ ಸಂಖ್ಯೆಯನ್ನೂ (ಕರೆಂಟಿನ ಹರಿವಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರಿನ ಸೆನ್ಸಿಟಿವಿಟಿಯನ್ನೂ (ಒಂದು ವ್ಯಾಟಿಗೆ ಅದು ಎಷ್ಟು ಗಟ್ಟಿಯಾಗಿ ನುಡಿಯುತ್ತದೆಂದು ಡೆಸಿಬೆಲಿನಲ್ಲಿ ಹೇಳುವ ಅಂಕಿ) ಮೊದಲು ನೋಡಿ. ಆಂಪ್ಲಿಫೈಯರಿನ ಹಿಂಬದಿಯಲ್ಲಿ, ಸ್ಪೀಕರ್ ವೈರು ಸಿಕ್ಕಿಸುವಲ್ಲಿ ‘6–16 ಓಮ್’ ಎಂದು ಅಚ್ಚಾಗಿದ್ದರೆ ಅದಕ್ಕೆ 4 ಓಮಿನ ಸ್ಪೀಕರ್ ಜೋಡಿಸಬಾರದು. ಓಮ್ ಕಡಿಮೆಯಾದಷ್ಟೂ ಹೆಚ್ಚು ಕರೆಂಟ್ ಹರಿಯುವುದರಿಂದ, ವಾಲ್ಯೂಮ್ ಏರಿಸಿದಾಗ ಆಂಪ್ಲಿಫೈಯರ್ ಕಾದು ತಾನಾಗಿಯೇ ನಿಂತುಹೋಗಬಹುದು. ಸೆನ್ಸಿಟಿವಿಟಿ 3 ಡೆಸಿಬೆಲ್ ಇಳಿದರೆ ಅಷ್ಟೇ ಗಟ್ಟಿಯಾಗಿ ಕೇಳಲು ಎರಡರಷ್ಟು ವ್ಯಾಟ್ ಬೇಕು. ಹಾಗಾಗಿ 20–30 ವ್ಯಾಟಿನ ಚಿಕ್ಕ ಆಂಪ್ಲಿಫೈಯರಿಗೆ 84 ಡೆಸಿಬೆಲಿನದಕ್ಕಿಂತ 90 ಡೆಸಿಬೆಲಿನ ಸ್ಪೀಕರ್ ಎಷ್ಟೋ ಮೇಲು. ಆದರೆ ಅಂಕಿಗಳು ಹೊಂದಿದ ಮಾತ್ರಕ್ಕೆ ನಾದ ಹಿಡಿಸುತ್ತದೆಂದಲ್ಲ. ಅದನ್ನು ತಂಬೂರಿ, ಮೃದಂಗಗಳಿರುವ ಪರಿಚಿತ ಧ್ವನಿಮುದ್ರಣವನ್ನು ಕೇಳಿಯೇ ತೀರ್ಮಾನಿಸಬೇಕು. ಹೋಮ್ ಥಿಯೇಟರಿಗಂತೂ ಈ ಸಲಹೆ ಸಾಲದು: ಅಲ್ಲಿ ಮುಂಭಾಗದ ಎಡ, ನಡು, ಬಲದ ಮೂರು ಸ್ಪೀಕರ್‌ಗಳು ಒಂದೇ ಕಂಪನಿಯ ಒಂದೇ ಸರಣಿಯವಾಗಿರದಿದ್ದರೆ, ಮಾತು ಎಡದಿಂದ ಬಲಕ್ಕೆ ಸರಿಯುವಾಗ ದನಿಯೇ ಬದಲಾದಂತೆ ಕೇಳಿಸಬಹುದು.